ವಾಸನೆಯಿಲ್ಲದ ಉಪ್ಪಿನ ಪರಿಮಳ: ಜೋ ಮಲೋನ್‌ನ ವುಡ್ ಸೇಜ್ ಅಂಡ್ ಸೀ ಸಾಲ್ಟ್

ಉಪ್ಪಿಗೆ ವಾಸನೆಯೇ ಇಲ್ಲ. ಅದು ಆವಿಯಾಗಿ ಮೂಗನ್ನು ತಲುಪುವ ಪದಾರ್ಥವಲ್ಲ. ಕಡಲತೀರದಲ್ಲಿ ನಾವು ಉಪ್ಪುಗಾಳಿ ಎಂದು ಗುರುತಿಸುವುದರಲ್ಲಿ ದೊಡ್ಡ ಪಾಲು, ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಹುಟ್ಟುವ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕಯುಕ್ತ ಆವಿಯದು. ಹೀಗಿರುವಾಗ ಅತ್ತರಿನ ಬಾಟಲಿಯ ಮೇಲೆ ‘ಸೀ ಸಾಲ್ಟ್’ ಎಂದಿದ್ದರೆ, ಅದು ಬೇರೆ ಸಾಮಗ್ರಿಗಳಿಂದ ಕಟ್ಟಿದ ಭ್ರಮೆ ಎಂದೇ ತಿಳಿಯಬೇಕು. ಲಂಡನ್ನಿನ ಪರಿಮಳ ಕಂಪನಿ ಜೋ ಮಲೋನ್‌ಗಾಗಿ ಅತ್ತರು ತಯಾರಕಿ ಕ್ರಿಸ್ಟೀನ್ ನಾಜೆಲ್ ಸಂಯೋಜಿಸಿ 2014ರಲ್ಲಿ ಬಿಡುಗಡೆಯಾದ ಈ ಕೊಲೋನ್ (ಹಗುರ ಅತ್ತರು) ಆ ಭ್ರಮೆಯನ್ನು ಬಹಳ ಜಾಣತನದಿಂದ ಕಟ್ಟಿದೆ.

ಜಾಣತನ ಎಂದದ್ದಕ್ಕೆ ಕಾರಣವಿದೆ. 1966ರಲ್ಲಿ ಫೈಜರ್ ಕಂಪನಿಯ ಸಂಶೋಧಕರು ಕಂಡುಕೊಂಡ ಕ್ಯಾಲೋನ್ ಎಂಬ ರಾಸಾಯನಿಕ, 1988ರ ನ್ಯೂ ವೆಸ್ಟ್ ಎಂಬ ಅತ್ತರಿನಿಂದ 1996ರ ಅಕ್ವಾ ದಿ ಜಿಯೋ ಅತ್ತರಿನವರೆಗೆ ‘ಸಮುದ್ರ’ದ ಪರಿಮಳಗಳನ್ನೆಲ್ಲ ಆಳಿತು. ತೀರಾ ಕಡಿಮೆ ಬಳಸಿದರೆ ಅದು ತಂಪುಗಾಳಿ. ಸ್ವಲ್ಪ ಕೈಮೀರಿದರೂ ಕಲ್ಲಂಗಡಿ ಹಣ್ಣು. ಅಗ್ಗದ ಡಿಯೋಡರೆಂಟುಗಳಲ್ಲಿ ‘ಅಕ್ವಾ’ ಎಂಬ ಹೆಸರಿನಡಿ ನಮಗೆ ಸಿಗುವುದು ಹೆಚ್ಚಾಗಿ ಈ ಎರಡನೆಯದೇ.

ಇಲ್ಲಿ ಆ ಕಲ್ಲಂಗಡಿಯ ಸಿಹಿ ತಲೆ ಹಾಕುವುದಿಲ್ಲ. ಮೊದಲು ಗ್ರೇಪ್‌ಫ್ರೂಟಿನ (ಇದು ದ್ರಾಕ್ಷಿಯಲ್ಲ, ಚಕ್ಕೋತದ ಹತ್ತಿರದ ಬಂಧು) ಕಹಿಹುಳಿ ಸುಳಿದು ಬೇಗನೆ ಸರಿಯುತ್ತದೆ. ಹಿಂದೆಯೇ ಸೇಜ್ ಎಂಬ ಮೂಲಿಕೆಯ ಎಲೆಯ ಒಣಗಿದ, ತುಸು ಧೂಳು ಬೆರೆತ ಘಮ. ನಿಜವಾದ ಕೆಲಸ ಮಾಡುವುದು ಮಾತ್ರ ಕಸ್ತೂರಿ ಬೆಂಡೆಯ ಬೀಜ. ನಮ್ಮ ನೆಲದ ಈ ಗಿಡದ ಬೀಜದಲ್ಲಿ ಕಸ್ತೂರಿಯ ಮೆದುತನದ ಜೊತೆ ಪಿಯರ್ ಹಣ್ಣನ್ನು ನೆನಪಿಸುವ ಒಂದು ಎಳೆಯೂ ಇದೆ. ಇವೆಲ್ಲ ಒಂದಾದಾಗ, ಕಡಲಲ್ಲಿ ಮಿಂದು ಬಿಸಿಲಿಗೆ ಒಣಗಿದ ತೋಳಿನ ಚರ್ಮದಂಥ ಬೆಚ್ಚನೆಯ ಉಪ್ಪು ಅನುಭವಕ್ಕೆ ಬರುತ್ತದೆ. ನೀರಿನ ಬದಲು, ನೀರು ಆರಿದ ಮೇಲೆ ಉಳಿಯುವುದನ್ನು ಹಿಡಿದದ್ದೇ ಇದರ ಹೆಚ್ಚುಗಾರಿಕೆ ಎಂದು ನನ್ನ ಅಭಿಪ್ರಾಯ.

ಇದರ ಹಿಂದಿರುವುದು ಇಂಗ್ಲೆಂಡಿನ ಗಾಳಿ ಬೀಸುವ ಕಲ್ಲುತೀರ. ಮಲ್ಪೆಯ ಒಣಮೀನನ್ನು ಯಾರೂ ನಿರೀಕ್ಷಿಸಬೇಕಾಗಿಲ್ಲ. ಪಾಚಿಯ ಹಸಿವಾಸನೆಯೇ ಬೇಕೆನ್ನುವವರಿಗೆ ಅತ್ತರು ತಯಾರಕ ಹೀಲಿಯವರ ಸೆಲ್ ಮಾರಿನ್ ಎಂಬ ಅತ್ತರು ಹೆಚ್ಚು ಒಪ್ಪುತ್ತದೆ. ಸಾಹಸಿಗಳಾದರೆ, ಕಡಲ ಚಿಪ್ಪುಗಳನ್ನು ಸುಟ್ಟು ಇಳಿಸುವ ಹೊಗೆಗಂಪಿನ ದೇಶೀ ಎಣ್ಣೆ ಚೋಯಾ ನಖ್ ಅನ್ನೂ ಮೂಸಿ ನೋಡಬಹುದು.

ಕೊಲೋನ್ ಆದ್ದರಿಂದ ದಿನವಿಡೀ ಬಾಳುವಂಥದ್ದಲ್ಲ, ಬೆಲೆಯೂ ಕಡಿಮೆಯಲ್ಲ. ಚರ್ಮಕ್ಕಿಂತ ಹತ್ತಿಬಟ್ಟೆಯ ಮೇಲೆ ಹೆಚ್ಚು ನಿಲ್ಲುತ್ತದೆ. ಕೊಳ್ಳುವವರು ಅಂಗಡಿಯಲ್ಲಿ ಮೂಸಲು ಕೊಡುವ ಕಾಗದದ ಪಟ್ಟಿಯನ್ನು ನಂಬದೆ ಮಣಿಕಟ್ಟಿಗೆ ಹಚ್ಚಿಕೊಂಡು ಅರ್ಧ ಗಂಟೆ ತಿರುಗಾಡಿ ಬಂದು, ಆಮೇಲೆ 30 ಮಿ.ಲೀ. ಬಾಟಲಿಯನ್ನಷ್ಟೇ ಕೊಳ್ಳುವುದು ಒಳಿತು.