ಚಾಮರಾಜಪೇಟೆಯ ಬಾಡಿಗೆ ಮನೆ, ಕಗ್ಗಲೀಪುರದಾಚೆಯ ಸ್ವಂತ ಮನೆ

ಬೆಂಗಳೂರಿನ ಹೊರಗೆ ಕನಕಪುರ ರಸ್ತೆಯಲ್ಲಿ ಕಗ್ಗಲೀಪುರ ದಾಟಿ ಒಳಗಿರುವ ಹಳ್ಳಿಯೊಂದರಲ್ಲಿ ಮೂರು ವರ್ಷ ಸ್ವಂತ ಮನೆಯಲ್ಲಿದ್ದು, 2024ರ ಜೂನ್‌ನಲ್ಲಿ ನಾನು ಹುಟ್ಟಿ ಬೆಳೆದ ಚಾಮರಾಜಪೇಟೆಗೆ ಬಾಡಿಗೆದಾರಳಾಗಿ ಮರಳಿದೆ. ಎರಡರಲ್ಲಿ ಯಾವುದು ವಾಸಿ ಎಂದು ಕೇಳುವವರಿಗೆ ಚಾಮರಾಜಪೇಟೆಯೆಂದೇ ಹೇಳುತ್ತೇನೆ. ಅದು ವರ್ಷದಿಂದ ವರ್ಷಕ್ಕೆ ಸೊರಗುತ್ತಿದೆ ಎಂಬುದನ್ನು ಕಣ್ಣಾರೆ ಕಂಡೂ ಈ ಮಾತು ಹೇಳುತ್ತಿದ್ದೇನೆ.

1892ರಲ್ಲಿ ಕೋಟೆಯ ಮಗ್ಗುಲಲ್ಲಿ ನಕ್ಷೆ ಹಾಕಿ ಕಟ್ಟಿದ ಬಡಾವಣೆ ಇದು. ಬಸವನಗುಡಿ, ಮಲ್ಲೇಶ್ವರಗಳಿಗಿಂತ ಹಳೆಯದು. ನನ್ನ ಬಾಲ್ಯದಲ್ಲಿ ನಮ್ಮ ಅಡ್ಡರಸ್ತೆಯ ವಠಾರದಲ್ಲಿ ಎಂಟು ಸಂಸಾರಗಳಿದ್ದವು. ಈಗ ಅದು ಪ್ಲಾಸ್ಟಿಕ್ ಸಾಮಾನಿನ ಗೋದಾಮು. ಬಾವಿಯ ಬಾಯಿಗೆ ಚಪ್ಪಡಿ ಮುಚ್ಚಿ, ಅದರ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದಾರೆ. ಹೆಂಗಸರು ತೆಂಗಿನೆಣ್ಣೆ ಹಚ್ಚಿ ಉಜ್ಜಿ ಉಜ್ಜಿ ಹೊಳಪು ತಂದಿದ್ದ ಕೆಂಪು ಗಾರೆಯ ನೆಲದಲ್ಲಿ ಸಾಮಾನು ಎಳೆಯುವ ಗಾಡಿಯ ಚಕ್ರಗಳು ಎರಡು ಬಿಳಿ ಗೆರೆ ಕೊರೆದಿವೆ. ಪಕ್ಕದ ಎರಡು ಮನೆಗಳಿಗೆ ಅಣ್ಣತಮ್ಮಂದಿರ ಪಾಲು ಬಗೆಹರಿಯದೆ ಬೀಗ ಬಿದ್ದಿದೆ. ವಾಸಕ್ಕೆ ಕೊಡುವುದಕ್ಕಿಂತ ದಾಸ್ತಾನಿಗೆ ಕೊಟ್ಟರೆ ಬಾಡಿಗೆ ಹೆಚ್ಚು, ತಕರಾರು ಕಡಿಮೆ. ಹಾಗಾಗಿ ಮಾಲೀಕರನ್ನು ದೂರಿ ಪ್ರಯೋಜನವಿಲ್ಲ. ರಾತ್ರಿ ಹನ್ನೊಂದರ ಮೇಲೆ ಸರಕಿನ ಗಾಡಿಗಳ ಸದ್ದಿಗೆ ನಿದ್ದೆ ಕೆಡುತ್ತದೆ.

ಹಳ್ಳಿಯ ಕಡೆ ಎಲ್ಲವೂ ಇದಕ್ಕೆ ತದ್ವಿರುದ್ಧ. 2021ರ ಜನವರಿಯಲ್ಲಿ ಮೆಟ್ರೊ ಹಸಿರು ಮಾರ್ಗ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೆ ಬಂದಾಗ, ಇನ್ನೇನು ಊರು ಹತ್ತಿರವಾಯಿತು ಎಂದುಕೊಂಡು ಉಳಿತಾಯವನ್ನೆಲ್ಲ ಸುರಿದು ಅಲ್ಲಿ ಕಟ್ಟಿ ಮುಗಿಸಿದ ಮನೆಯೊಂದನ್ನು ಕೊಂಡೆ. ನಾವು ಹೋದಾಗ ಎದುರಿಗೆ ರಾಗಿ ಹೊಲವಿತ್ತು. ಮೂರನೆಯ ವರ್ಷಕ್ಕೆ ಅಲ್ಲಿ ನಿವೇಶನದ ಕಲ್ಲುಗಳು ಎದ್ದಿದ್ದವು. ಬೇಕರಿ, ಔಷಧಿ ಅಂಗಡಿ, ಶಾಲೆಯ ಹಳದಿ ಬಸ್ಸು ಎಲ್ಲವೂ ಬಂದಿದ್ದವು. ಬರಬೇಕಾಗಿದ್ದ ನೀರು ಮಾತ್ರ ಬರಲಿಲ್ಲ.

ಈ ನೀರಿನ ವಿಷಯವನ್ನು ವಿವರವಾಗಿಯೇ ಹೇಳಬೇಕು. ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ ಮತ್ತು ತಾತಗುಣಿಯ ಪಂಪಿಂಗ್ ಕೇಂದ್ರಗಳಲ್ಲಿ ಮತ್ತೆ ಮೇಲಕ್ಕೆತ್ತಲ್ಪಟ್ಟು, ಸುಮಾರು 100 ಕಿಲೋಮೀಟರ್ ಸಾಗಿ ಬೆಂಗಳೂರು ಸೇರುತ್ತದೆ. 1974ರಿಂದಲೂ ಅದರ ದಾರಿ ಇದೇ. ಕಗ್ಗಲೀಪುರ ಇರುವುದು ಈ ಎರಡು ಕೇಂದ್ರಗಳ ನಡುವೆ. ಅಂದರೆ, ನಾನು ಬಿಟ್ಟುಬಂದ ಊರಿಗೆ ಹೋಗುವ ನೀರು ನಾನು ಮನೆ ಕೊಂಡ ಸೀಮೆಯನ್ನು ಹಾಯ್ದೇ ಹೋಗುತ್ತಿತ್ತು, ಆದರೆ ನಮ್ಮ ಬಡಾವಣೆಗೆ ಅದರಲ್ಲಿ ಪಾಲಿರಲಿಲ್ಲ. ನಮ್ಮದು ಕೊಳವೆಬಾವಿಯನ್ನು ನಂಬಿದ ಬದುಕು.

2023ರ ಮಳೆಗಾಲ ಕೈಕೊಟ್ಟ ಮೇಲೆ, 2024ರ ಫೆಬ್ರುವರಿಯಲ್ಲಿ ನಮ್ಮ ಕೊಳವೆಬಾವಿ ಮೊದಲು ಕೆಸರು, ಆಮೇಲೆ ಬರೀ ಗಾಳಿ ಉಗುಳಿತು. ಮಾರ್ಚ್‌ನಲ್ಲಿ ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗಾದರೆ 1,000 ರೂಪಾಯಿ, ಹತ್ತರ ಒಳಗಾದರೆ 1,200 ರೂಪಾಯಿ ಎಂದು ದರ ಗೊತ್ತುಮಾಡಿತು. ನಮಗೆ ನೀರು ಹಾಕುತ್ತಿದ್ದವರು 2,000ಕ್ಕೆ ಒಂದು ಪೈಸೆ ಕಡಿಮೆಯಾದರೂ ಗಾಡಿ ತಿರುಗಿಸುತ್ತಿರಲಿಲ್ಲ. ಎಂಬತ್ತು ವರ್ಷದ ನನ್ನ ತಾಯಿ ಅಕ್ಕಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ತುಳಸಿಗೆ ಹಾಕುತ್ತಾ, ‘ಪೇಟೆಯಲ್ಲಿ ದಿನ ಬಿಟ್ಟು ದಿನವಾದರೂ ನಲ್ಲಿ ಬರುತ್ತಿತ್ತಲ್ಲೇ’ ಎಂದ ದಿನವೇ ನಾನು ಮರಳುವ ನಿರ್ಧಾರ ಮಾಡಿದೆ.

ಗಾಳಿ, ತರಕಾರಿ, ರಾತ್ರಿಯ ಮೌನ ಈ ಮೂರರಲ್ಲೂ ಹಳ್ಳಿಯೇ ಮೇಲು. ಕಾಗದಪತ್ರದ ಬಗ್ಗೆ ಒಂದೇ ಮಾತು: ಪಂಚಾಯಿತಿ ಕೊಟ್ಟಿರುವ ಆಸ್ತಿ ದಾಖಲೆ ಕ್ರಮಬದ್ಧ ಆಸ್ತಿಗೆ ಸಿಗುವ ನಮೂನೆ 11ಎ ಆಗಿದೆಯೋ, ಅನುಮೋದನೆಯಿಲ್ಲದ ಆಸ್ತಿಯ 11ಬಿ ಆಗಿದೆಯೋ ಎಂದು ನೋಡದೆ ಮುಂಗಡ ಕೊಡಬೇಡಿ.

ನಾನು ಕರಡು ತಿದ್ದುವ ಕೆಲಸದವಳು. ನನಗೆ ಕೆಲಸ ಕೊಡುವ ಮುದ್ರಣಾಲಯಗಳೂ ಸಾಹಿತ್ಯ ಪರಿಷತ್ತೂ ಇಲ್ಲಿ ನಡೆದು ಹೋಗುವಷ್ಟು ದೂರದಲ್ಲಿವೆ. ರಾಮನವಮಿಯ ಕಾಲದಲ್ಲಿ ಕೋಟೆ ಹೈಸ್ಕೂಲಿನ ಮೈದಾನದ ಸಂಗೀತ ಕಚೇರಿ ಕೇಳಿ, ತಾಯಿಯ ಕೈಹಿಡಿದು ನಿಧಾನವಾಗಿ ಮನೆಗೆ ಬರಬಹುದು. ಹಳ್ಳಿಯ ಮನೆಯಿಂದ ತಿಂಗಳಿಗೆ 13,000 ಬಾಡಿಗೆ ಬರುತ್ತದೆ, ಇಲ್ಲಿ 18,000 ಕೊಡುತ್ತೇನೆ. ಮೇಲಿನ 5,000 ರೂಪಾಯಿ, ಅಲ್ಲಿದ್ದಾಗ ಪೆಟ್ರೋಲಿಗೂ ಟ್ಯಾಂಕರಿಗೂ ಕೊಡುತ್ತಿದ್ದುದಕ್ಕಿಂತ ಕಡಿಮೆಯೇ. ಸ್ವಂತ ಕಾರು, ಚಿಕ್ಕ ಮಕ್ಕಳು, ಮನೆಯಿಂದಲೇ ಮಾಡುವ ಕೆಲಸ ಇರುವವರ ಲೆಕ್ಕ ಬೇರೆಯಾಗಬಹುದು. ಈಗ ಅಲ್ಲಿರುವುದು ಅಂಥದೇ ಒಂದು ಸಂಸಾರ. ಬೇಸಿಗೆಯ ಮೂರು ತಿಂಗಳು ಟ್ಯಾಂಕರಿನ ಅರ್ಧ ಖರ್ಚು ನನ್ನದೆಂದು ಕರಾರು ಪತ್ರದಲ್ಲಿ ಬರೆದುಕೊಟ್ಟಿದ್ದೇನೆ.