ಸಬ್‌ಸೆಂಟರಿನ ಬಿಪಿ ಸೇವೆ: ಎರಡು ವರ್ಷ ಬಳಸಿದ ಮೇಲೆ

ಮೊದಲೇ ಅಂಕ ಕೊಟ್ಟುಬಿಡುವುದು ಒಳ್ಳೆಯದು. ಬಿಪಿ ನೋಡುವುದಕ್ಕೆ ಐದಕ್ಕೆ ಮೂರು, ಮಾತ್ರೆಗೆ ನಾಲ್ಕು, ಆಶಾ ಅಕ್ಕನಿಗೆ ಪೂರ್ತಿ ಐದು.

ಮಂಡ್ಯ ಕಡೆಯ ಹಳ್ಳಿಗಳಲ್ಲಿ 30 ದಾಟಿದವರ ಮನೆಗೆ ಆಶಾ ಬಂದು ಫಾರಂ ತುಂಬುತ್ತಾರೆ: ವಯಸ್ಸು, ಬೀಡಿ, ಹೊಗೆಸೊಪ್ಪು, ಕುಡಿತ, ಸೊಂಟದ ಸುತ್ತಳತೆ, ಮನೆತನದಲ್ಲಿ ಬಿಪಿ–ಶುಗರ್. ಈ ಉತ್ತರಗಳಿಗೆ ಫಾರಂನಲ್ಲಿ ಸಿಗುವ ಅಂಕ ಒಟ್ಟು 4 ದಾಟಿದವರನ್ನು ಮೊದಲು ಕರೆಸುತ್ತಾರೆ. ಕಡಿಮೆ ಬಂದವರೂ ಒಮ್ಮೆ ತೋರಿಸಿಕೊಳ್ಳಲೇಬೇಕು. ಬಿಪಿ ನೋಡುವುದು ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ. ಬೋರ್ಡು ಬದಲಾದರೂ ಊರಿನವರ ಬಾಯಲ್ಲಿ ಅದಿನ್ನೂ ಸಬ್‌ಸೆಂಟರೇ. ಮಾತ್ರೆ ಶುರು ಮಾಡುವುದು ಪಿಎಚ್‌ಸಿ ಡಾಕ್ಟರು. ಡೋಸ್ ಹೆಚ್ಚು ಕಡಿಮೆ ಮಾಡಿ ಎಂದು ಆಶಾ ಅವರನ್ನು ಪೀಡಿಸಬೇಡಿ, ಅದು ಅವರ ಕೈಯಲ್ಲಿಲ್ಲ.

ಎಡವಟ್ಟಾಗುವುದು ಅಳತೆಯಲ್ಲಿ. ಗದ್ದೆಯಿಂದ ಬಂದವರನ್ನು ಹಾಗೇ ಜಗಲಿ ಮೇಲೆ ಕೂರಿಸಿ, ಅಂಗಿ ತೋಳಿನ ಮೇಲೇ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಸರಿಯಾದ ಲೆಕ್ಕ ಬರುವುದಿಲ್ಲ. ಅರ್ಧ ಗಂಟೆ ಮೊದಲಿಂದ ಕಾಫಿ, ಟೀ, ಬೀಡಿ ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ನೆಲದ ಮೇಲೆ, ತೋಳು ಎದೆಮಟ್ಟಕ್ಕೆ ಮೇಜಿನ ಮೇಲೆ. ಕೈ ಕೆಳಗೆ ಜೋತುಬಿದ್ದರೂ, ಕಾಲ ಮೇಲೆ ಕಾಲು ಹಾಕಿದರೂ, ಮಧ್ಯೆ ಮಾತಾಡಿದರೂ ನಂಬರ್ ಏರುತ್ತದೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಸರಾಸರಿ ತೆಗೆಯಬೇಕು. ಸಾಲು ಉದ್ದವಿದ್ದ ದಿನ ಈ ಎರಡನೇ ಅಳತೆಯೇ ಹಾರಿಹೋಗುತ್ತದೆ, ನೀವೇ ಕೇಳಿ. ಮಾಮೂಲಿ ಪಟ್ಟಿ 22ರಿಂದ 32 ಸೆಂ.ಮೀ. ತೋಳಿಗೆ. ಅದಕ್ಕಿಂತ ದಪ್ಪ ತೋಳಿಗೆ ಅದನ್ನೇ ಕಟ್ಟಿದರೆ ಇಲ್ಲದ ಬಿಪಿಯೂ ಇದ್ದಂತೆ ಕಾಣುತ್ತದೆ. ದೊಡ್ಡ ಪಟ್ಟಿ ಎಲ್ಲ ಕಡೆ ಇರುವುದಿಲ್ಲ. ಮೂರು ಅಂಕ ಕೊಟ್ಟದ್ದು ಇದಕ್ಕೇ.

ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಮೇಲೆ ಬಂದರೆ ಬಿಪಿ ಎಂದು ಲೆಕ್ಕ. 180/110 ಮುಟ್ಟಿದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಜೊತೆಗೆ ಎದೆನೋವು, ಮಾತು ತೊದಲುವುದು, ಒಂದು ಪಕ್ಕ ಸೋಲುವುದು ಕಂಡರೆ 108ಕ್ಕೆ ಫೋನ್ ಮಾಡಿ.

ಮಾತ್ರೆ ಪುಕ್ಕಟೆ, ಸಾಮಾನ್ಯವಾಗಿ 30 ದಿನಕ್ಕೆ. ಹೆಚ್ಚಿನವರಿಗೆ ಶುರುವಾಗುವುದು ಅಮ್ಲೋಡಿಪಿನ್ 5 ಮಿ.ಗ್ರಾಂ.ನಿಂದ. ಕೆಲವರಿಗೆ ಹರಡು ಊದುತ್ತದೆ. ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿದರೆ ಬದಲಿಸುತ್ತಾರೆ. ಸ್ಟಾಕು ಬದಲಾದಾಗ ಕಂಪನಿ ಬೇರೆ, ಸ್ಟ್ರಿಪ್ಪಿನ ಬಣ್ಣ ಬೇರೆ. ಹಳೆಯದರ ಜೊತೆ ಹೊಸದನ್ನೂ ನುಂಗಿ ಡಬಲ್ ಡೋಸ್ ಮಾಡಿಕೊಳ್ಳುವ ವಯಸ್ಸಾದವರು ಇದ್ದಾರೆ. ಖಾಲಿ ಸ್ಟ್ರಿಪ್ ಎಸೆಯದೆ ತಂದು ಹೆಸರು ತಾಳೆ ನೋಡಿಸಿ. ಮಂಡಿನೋವಿಗೆಂದು ಮೆಡಿಕಲ್ ಸ್ಟೋರಿನ ಡೈಕ್ಲೋಫೆನಾಕ್ ನುಂಗುತ್ತಿದ್ದರೆ ಅದನ್ನೂ ಹೇಳಬೇಕು, ಅದು ಬಿಪಿ ಏರಿಸುತ್ತದೆ.

ಇನ್ನು ಆಶಾ ಅಕ್ಕನಿಗೆ ಐದಕ್ಕೆ ಐದು ಯಾಕೆ? ತಲೆಸುತ್ತು ನಿಂತಿತು, ಬಿಪಿ ಹೋಯಿತು ಎಂದು ಮಾತ್ರೆ ಬಿಡುವವರೇ ಬಹಳ. ಮಾತ್ರೆ ತರುವ ತಾರೀಖು ದಾಟಿದವರ ಮನೆಗೆ ಆಶಾ ಬಂದು ಸ್ಟ್ರಿಪ್ ಎಣಿಸುತ್ತಾರೆ. 30 ದಿನ ಕಳೆದು ಒಂದೂ ಉಳಿಯಬಾರದ ಕಡೆ ಹನ್ನೆರಡು ಉಳಿದಿದ್ದರೆ ಸುಳ್ಳು ಹೇಳಲಾಗುವುದಿಲ್ಲ. ಕಬ್ಬು ಕಡಿಯುವ ಕಾಲದಲ್ಲಿ ಹಗಲು ಸಬ್‌ಸೆಂಟರಿಗೆ ಹೋಗುವ ಗಂಡಸರು ಕಮ್ಮಿ, ಅವರು ಸಿಗುವುದು ಸಂಜೆಯೇ. ಸಂಬಳದ ಮೇಲಲ್ಲ, ಗೌರವಧನ–ಪ್ರೋತ್ಸಾಹಧನದ ಮೇಲೆ ದುಡಿಯುವವರು ಸಂಜೆಯೂ ತಿರುಗುತ್ತಾರೆ ಅನ್ನುವುದು ನೆನಪಿರಲಿ.

ಉಪ್ಪಿನ ಮಾತೂ ಅವರಿಂದಲೇ ಸರಿಯಾಗಿ ತಲುಪುವುದು. ಉಪ್ಪೆಸರು ಬಿಡಿ ಎಂದರೆ ಮಂಡ್ಯದಲ್ಲಿ ಯಾರು ಕೇಳುತ್ತಾರೆ? ಲೆಕ್ಕ ಹೇಳಿದರೆ ಕೇಳುತ್ತಾರೆ. ತಲೆಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ನಾಲ್ಕು ಜನರ ಮನೆಯಲ್ಲಿ ಒಂದು ಕೆ.ಜಿ. ಪ್ಯಾಕೆಟ್ ಕಡಿಮೆ ಅಂದರೂ 50 ದಿನ ಬರಬೇಕು. ಹಪ್ಪಳ, ಅಂಗಡಿ ಉಪ್ಪಿನಕಾಯಿ, ಚಿಪ್ಸಿನ ಉಪ್ಪೂ ಆ 5 ಗ್ರಾಂ ಲೆಕ್ಕದಲ್ಲೇ ಸೇರಬೇಕು, ಅವನ್ನು ತಿನ್ನುವ ಮನೆಯಲ್ಲಿ ಪ್ಯಾಕೆಟ್ ಇನ್ನೂ ಹೆಚ್ಚು ದಿನ ಬರಬೇಕು. ಪ್ಯಾಕೆಟ್ ಒಡೆದ ತಾರೀಖನ್ನು ಅದರ ಮೇಲೇ ಬರೆದಿಡಿ.