ಅಲಿಯಂ ಹೂವಿನ ಗೆಡ್ಡೆ: 1,150 ರೂಪಾಯಿಗೆ ನಿಂಬೆಹಣ್ಣಿನಷ್ಟು ಒಂದು ಹೂ

5ರಲ್ಲಿ 2 ಸ್ಟಾರ್. ಗೆಡ್ಡೆ ಕೆಟ್ಟದಿರಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಮಾರುವವರು ಹೇಳಲೇಬೇಕಿದ್ದ ಒಂದು ಮಾತನ್ನು ಹೇಳಲಿಲ್ಲ, ಸಿಟ್ಟು ಅದಕ್ಕೆ.

ಆನ್‌ಲೈನ್‌ನಲ್ಲಿ ಫೋಟೋ ನೋಡಿ ಮರುಳಾದೆ. ಸೊಂಟದೆತ್ತರದ ದಂಟು, ತುದಿಯಲ್ಲಿ ನೇರಳೆ ಬಣ್ಣದ ಚೆಂಡು. ಪರ್ಪಲ್ ಸೆನ್ಸೇಶನ್ ಅಂತ ತಳಿಯ ಹೆಸರು. ಅಕ್ಟೋಬರ್‌ನಲ್ಲಿ 5 ಗೆಡ್ಡೆ ತರಿಸಿದೆ, ಕೊರಿಯರ್ ಸೇರಿ 1,150 ರೂಪಾಯಿ. ಪ್ಯಾಕಿಂಗ್ ಚೆನ್ನಾಗಿತ್ತು. ಮರದ ಹೊಟ್ಟಿನಲ್ಲಿ ಹುದುಗಿಸಿ ಕಾಗದದ ಚೀಲದಲ್ಲಿ ಕಳಿಸಿದ್ದರು, ಒತ್ತಿ ನೋಡಿದರೆ ಎಲ್ಲವೂ ಗಟ್ಟಿ, ಬೂಸ್ಟು ಇರಲಿಲ್ಲ. ಮೂಸಿದರೆ ಥೇಟ್ ಉಳ್ಳಾಗಡ್ಡಿ. ಇರಲೇಬೇಕು, ಅಲಿಯಂ ಅಂದರೆ ಉಳ್ಳಾಗಡ್ಡಿ, ಬೆಳ್ಳುಳ್ಳಿಯದೇ ಮನೆತನ. ಜೊತೆಗಿದ್ದ ಚೀಟಿಯಲ್ಲಿ "ಎಲ್ಲ ಹವೆಗೂ ಹೊಂದುತ್ತದೆ, ಬಂದ ಕೂಡಲೇ ಕುಂಡದಲ್ಲಿ ನೆಡಿ" ಅಂತಿತ್ತು.

ಅದೇ ಸುಳ್ಳು. ಈ ಗೆಡ್ಡೆಗೆ ಚಳಿ ಬೇಕು. ಎರಡು ರಾತ್ರಿಯ ಚಳಿ ಅಲ್ಲ, ಮೂರು ತಿಂಗಳು ಬಿಡದೆ ಥಂಡಿಯಲ್ಲಿ ಮಲಗಿದ್ದರೇನೇ ಅದಕ್ಕೆ ಹೂದಂಟು ಏಳಿಸುವ ಮನಸ್ಸು ಬರುವುದು. ನೆದರ್ಲೆಂಡ್ಸ್‌ನಲ್ಲಿ ಅಕ್ಟೋಬರ್ ಸುಮಾರಿಗೆ ನೆಟ್ಟು ಮರೆತರೂ ಮೇ ಹೊತ್ತಿಗೆ ಹೂ ಬಿಡುತ್ತದೆ, ಉಳಿದ ಕೆಲಸ ಅಲ್ಲಿನ ನೆಲವೇ ಮಾಡುತ್ತದೆ. ನಮ್ಮ ಪುಣೆಯಲ್ಲಿ ಜನವರಿಯ ಕೆಲವು ರಾತ್ರಿ 10 ಡಿಗ್ರಿಗೆ ಇಳಿಯುತ್ತದೆ, ನಾವು ಸ್ವೆಟರ್ ಹಾಕಿಕೊಂಡು ಸಿಂಹಗಡ ಹತ್ತಿ ಪಿಠಲ ಭಾಕ್ರಿ ತಿಂದು ಬರುತ್ತೇವೆ, ಮಧ್ಯಾಹ್ನ ನೋಡಿದರೆ ಮತ್ತೆ 28, 30. ಇದನ್ನೆಲ್ಲ ಆ ಗೆಡ್ಡೆ ಚಳಿ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಪುಣ್ಯಕ್ಕೆ ಚೀಟಿ ನಂಬಿ 2 ಮಾತ್ರ ನೆಟ್ಟೆ. ಉಳಿದ 3ನ್ನು ಕಾಗದದ ಚೀಲಕ್ಕೆ ಹಾಕಿ ಫ್ರಿಜ್‌ನ ತರಕಾರಿ ಟ್ರೇನಲ್ಲಿ 12 ವಾರ ಇಟ್ಟೆ. ಅಷ್ಟು ದಿನ ಫ್ರಿಜ್ಜಿನೊಳಗೆ ಸೇಬಿಗೆ ಪ್ರವೇಶ ಇಲ್ಲ, ಯಾಕಂದ್ರೆ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಗೆಡ್ಡೆಯೊಳಗಿನ ಮೊಗ್ಗು ಕೆಡಬಹುದು. ನಮ್ಮ ಯಜಮಾನರು ತಂದ ಒಂದು ಕಿಲೋ ಸೇಬು ಹೊರಗೇ ಮೆತ್ತಗಾಗಿ ಕೊನೆಗೆ ಹಲ್ವಾ ಆಯಿತು. ಇದನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಿ.

ನೇರ ನೆಟ್ಟ ಎರಡೂ ಎಲೆ ಬಿಟ್ಟವು, ಹಳದಿಯಾದವು, ಮುಗೀತು. ಬಗೆದು ನೋಡಿದರೆ ಒಂದು ಕೊಳೆತಿತ್ತು, ಇನ್ನೊಂದು ಅಡಿಕೆಯಷ್ಟಾಗಿತ್ತು. ಫ್ರಿಜ್‌ನದರಲ್ಲಿ ಒಂದಕ್ಕೆ ನೀಲಿ ಬೂಸ್ಟು ಬಂತು. ಉಳಿದೆರಡನ್ನು ಜನವರಿ ಕೊನೆಗೆ ಅರ್ಧ ಮರಳು ಬೆರೆಸಿದ ಮಣ್ಣಿನಲ್ಲಿ, ಗೆಡ್ಡೆಯ ಮೂರರಷ್ಟು ಆಳಕ್ಕೆ, ಪೂರ್ತಿ ಬಿಸಿಲು ಬೀಳುವ ಕಡೆ ನೆಟ್ಟೆ. ಒಂದು ಬರೀ ಎಲೆ. ಇನ್ನೊಂದರ ನಡುವಿನಿಂದ ಮಾರ್ಚ್ ಕೊನೆಗೆ ದಂಟು ಬಂತು, ತುದಿಯಲ್ಲಿ ಕಾಗದದಂಥ ಸಿಪ್ಪೆಯೊಳಗೆ ಮೊಗ್ಗಿನ ಗಂಟು. ಆಗಲೇ ಎಲೆಯ ತುದಿಗಳು ಒಣಗುತ್ತಿದ್ದವು. ಈ ಜಾತಿಯಲ್ಲಿ ಅದು ಮಾಮೂಲು, ಗಾಬರಿಯಾಗಿ ನೀರು ಜಾಸ್ತಿ ಹಾಕಬೇಡಿ. ಬಿಸಿಲು ಏರಿದ್ದಕ್ಕೋ ಏನೋ ದಂಟು ಒಂದು ಗೇಣಿಗೇ ನಿಂತಿತು. ಆದರೂ ಸಿಪ್ಪೆ ಬಿರಿದ ದಿನ ಕುಂಡದ ಮುಂದೆ ಮೊಣಕಾಲೂರಿ ಕೂತು ನೋಡಿದೆ: ಒಂದೊಂದು ಹೂವೂ ಆರು ಎಸಳಿನ ನಕ್ಷತ್ರ, ಪ್ರತಿಯೊಂದರ ನಡುವೆ ಒಂದು ಪುಟ್ಟ ಹಸಿರು ಮಣಿ.

ಮನೆಗೆಲಸಕ್ಕೆ ಬರುವ ಮಾವಶಿಯನ್ನು ಕರೆದು ತೋರಿಸಿದೆ. "ಅಹೋ ತಾಈ, ಹಾ ತರ್ ಡೆಂಗಳಾ!" ಅಂತ ಮರಾಠಿಯಲ್ಲಿ ಹೇಳಿ ನಕ್ಕರು, ಅಂದರೆ "ಅಯ್ಯೋ ಅಕ್ಕಾ, ಇದು ಡೆಂಗಳಾ ಅಲ್ವಾ!" ಅವರದು ಜುನ್ನರ್ ಕಡೆ, ಉಳ್ಳಾಗಡ್ಡಿ ಬೆಳೆಯುವ ಊರು. ಚಳಿ ಹಿಡಿದು ಪೈರು ಹೂದಂಟು ಎಬ್ಬಿಸಿದರೆ ಅದು ಡೆಂಗಳಾ. ಗೆಡ್ಡೆ ದಪ್ಪವಾಗುವುದಿಲ್ಲ, ನಡುವೆ ಗಟ್ಟಿ ಕಡ್ಡಿಯಾಗುತ್ತದೆ, ಇಟ್ಟರೆ ಬಾಳುವುದಿಲ್ಲ, ಚಾಕಣ ಮಾರ್ಕೆಟ್‌ನಲ್ಲಿ ಬೆಲೆ ಸಿಗುವುದಿಲ್ಲ. ಅವರ ಊರವರು ಯಾವುದು ಬಾರದಿರಲಿ ಅಂತ ಬೇಡಿಕೊಳ್ಳುತ್ತಾರೋ ಅದನ್ನು ಬರಿಸಲು ನಾನು ಫ್ರಿಜ್ ಖಾಲಿ ಮಾಡಿ ಕೂತಿದ್ದೆ.

ಹೊಟ್ಟೆ ಉರಿಸಿದ್ದು ಇನ್ನೊಂದಿದೆ. ನವೆಂಬರ್‌ನಲ್ಲಿ ಅಡುಗೆಮನೆ ಬುಟ್ಟಿಯಲ್ಲಿ ಮೊಳಕೆ ಬಂದಿದ್ದ ಒಂದು ಉಳ್ಳಾಗಡ್ಡಿಯನ್ನು ಸುಮ್ನೆ ಪಕ್ಕದ ಕುಂಡಕ್ಕೆ ಚುಚ್ಚಿದ್ದೆ. ಅದಕ್ಕೆ ಪುಣೆಯ ಚಳಿಯೇ ಸಾಕಾಯಿತು. ಫೆಬ್ರವರಿಯಲ್ಲಿ 4 ದಂಟು, ಒಳಗೆ ಟೊಳ್ಳು, ನಡುವೆ ಊದಿಕೊಂಡಂಥವು, ತುದಿಯಲ್ಲಿ ಟೆನಿಸ್ ಚೆಂಡಿನಷ್ಟು ಬಿಳಿ ಹೂವು, ಅದರ ತುಂಬ ಜೇನು. ಖರ್ಚು ಸೊನ್ನೆ. ಅದೂ ಅಲಿಯಂ ಅಲ್ವಾ?

ನೇರಳೆ ಚೆಂಡೇ ಬೇಕು ಅನ್ನುವವರು ತೊಗೊಳ್ಳಿ, ಆದರೆ ಫ್ರಿಜ್‌ನಲ್ಲಿ ಜಾಗ ಮಾಡಿಕೊಂಡು, ಒಂದೇ ವರ್ಷದ ಹೂ ಅಂದುಕೊಂಡು ತೊಗೊಳ್ಳಿ. ನಮ್ಮ ಮಳೆಗಾಲದಲ್ಲಿ ಕುಂಡದೊಳಗೆ ಬಿಟ್ಟರೆ ಗೆಡ್ಡೆ ಕೊಳೆಯುತ್ತದೆ. ತಲೆನೋವು ಬೇಡ ಅಂದರೆ ಗಾರ್ಲಿಕ್ ಚೈವ್ಸ್ ಇದೆ, ಬೆಳ್ಳುಳ್ಳಿ ಘಮದ ಎಲೆಯ ಗಿಡ, ಅದೂ ಅಲಿಯಂ ಮನೆತನದ್ದೇ. ಹಡಪ್ಸರ್ ಕಡೆಯ ಒಂದು ನರ್ಸರಿಯಲ್ಲಿ 80 ರೂಪಾಯಿಗೆ ತಂದೆ, ಚಳಿಯ ಹಂಗಿಲ್ಲದೆ ಬಿಳಿ ಹೂ ಬಿಡುತ್ತದೆ, ಎಲೆಯನ್ನು ಆಮ್ಲೆಟ್‌ಗೂ ಹಾಕುತ್ತೇನೆ.

ಮಾರಿದವರಿಗೆ ಚೀಟಿ ತಿದ್ದಿ ಅಂತ ಬರೆದೆ. ಮುಂದಿನ ಖರೀದಿಗೆ 10% ಕಡಿತದ ಕೂಪನ್ ಕಳಿಸಿದರು. ಚೀಟಿ ಹಾಗೇ ಇದೆ.